'ಗೆಟ್' ಎಲ್ಲಿ ಸಾಕು, ಎಲ್ಲಿ ಬೇರೆ ಪದ ಬೇಕು? ಕನ್ನಡ ಬಲ್ಲವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಸಂಬಳ ಬಂತು. ಬಸ್ಸಲ್ಲಿ ಸೀಟು ಸಿಕ್ಕಿತು. ಬ್ಲೌಸ್ ಹೊಲಿಸಿಕೊಂಡೆ. ಕತ್ತಲಾಯಿತು. ಮೇಷ್ಟ್ರ ಹತ್ರ ಬೈಸಿಕೊಂಡೆ. ಊರು ತಲುಪಿದೆ. ಅವರು ಹೇಳಿದ್ದು ಅರ್ಥವಾಯಿತು.

ಏಳು ವಾಕ್ಯ, ಏಳು ಬೇರೆ ಬೇರೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಈ ಏಳನ್ನೂ 'ಗೆಟ್' ಒಂದರಲ್ಲೇ ಹೇಳಿ ಮುಗಿಸಬಹುದು. ಮಾತಾಡುವಾಗ ಇದು ತುಂಬ ಅನುಕೂಲ. ಬರೆಯಲು ಕೂತಾಗ ಮಾತ್ರ ಅನುಮಾನ ಶುರುವಾಗುತ್ತದೆ. ಇಲ್ಲಿ 'ರಿಸೀವ್' ಹಾಕಬೇಕಾ, 'ಅಬ್ಟೇನ್' ಹಾಕಬೇಕಾ? 'ಬಿಕಮ್' ಸರಿಹೋಗುತ್ತಾ? 'ಗೆಟ್' ಅಂತಲೇ ಬರೆದರೆ ಓದುವವರಿಗೆ ಹಗುರ ಅನ್ನಿಸುತ್ತಾ?

ನಿಘಂಟು ತೆರೆದರೆ ಸಮಾನಾರ್ಥಕ ಪದಗಳ ಉದ್ದ ಪಟ್ಟಿ ಇರುತ್ತದೆ. ಯಾವುದನ್ನು ಎಲ್ಲಿ ಇಡಬೇಕು ಅಂತ ಪಟ್ಟಿ ಹೇಳುವುದಿಲ್ಲ. ಕನ್ನಡ ಬಲ್ಲವರಿಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟ ಅರ್ಥಗಳನ್ನು ನಮ್ಮ ಭಾಷೆ ಆಗಲೇ ಬಿಡಿಸಿ ಬೇರೆ ಬೇರೆ ಇಟ್ಟಿದೆ. ಹಾಗಾಗಿ ಇಂಗ್ಲಿಷ್ ಪದ ಹುಡುಕುವ ಮುಂಚೆ, ಅದೇ ಮಾತನ್ನು ಮನೆಯಲ್ಲಿ ಹೇಗೆ ಹೇಳ್ತೀರಿ ಅಂತ ನೋಡಿಕೊಳ್ಳಿ. 'ಬಂತು' ಅಂತೀರಾ, 'ಸಿಕ್ತು' ಅಂತೀರಾ, 'ಆಯ್ತು' ಅಂತೀರಾ, 'ಮಾಡಿಸಿದೆ' ಅಂತೀರಾ? ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕೆಲವು ಕಡೆ ಕನ್ನಡವನ್ನು ಹಿಡಿದುಕೊಂಡೇ ಹೋದರೆ ಎಡವುವುದೂ ಉಂಟು. ಆ ಜಾಗಗಳನ್ನೂ ಇಲ್ಲಿ ತೋರಿಸುತ್ತೇನೆ.

ಗೆಟ್ ಕೀಳು ಪದವಲ್ಲ

'ಗೆಟ್ ಬಳಸಬೇಡಿ, ಅದು ಒಳ್ಳೆಯ ಇಂಗ್ಲಿಷ್ ಅಲ್ಲ' ಅಂತ ಶಾಲೆಯಲ್ಲಿ ಕೇಳಿಕೊಂಡೇ ಬೆಳೆದವರು ಬಹಳ ಜನ. ಈ ಮಾತನ್ನು ನಾನು ಒಪ್ಪುವುದಿಲ್ಲ. ಪದ ಹಗುರ ಅನ್ನಿಸುವುದಕ್ಕೆ ಅದರ ಹುಟ್ಟು ಕಾರಣ, ತಪ್ಪು ಕಾರಣವಲ್ಲ.

ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು 9ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಯೂರಿದ್ದರು. ಅವರ ನಾರ್ಸ್ ಭಾಷೆಯ 'ಗೆಟಾ' ಅನ್ನುವ ಪದವೇ ಮುಂದೆ 'ಗೆಟ್' ಆಯಿತು. 'ಟೇಕ್', 'ದೇ', 'ಸ್ಕೈ', 'ಎಗ್', 'ವಿಂಡೋ' ಕೂಡ ಹಾಗೇ ಬಂದ ಪದಗಳು. ಇವೆಲ್ಲ ಹೊಲ, ಮನೆ, ಸಂತೆಯ ಮಾತು. ಆಮೇಲೆ 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆ, ಕೋರ್ಟು, ಕಚೇರಿ ಎಲ್ಲ ಕಡೆ ಫ್ರೆಂಚ್ ಕೂತಿತು, ಅದರ ಜೊತೆಗೆ ಲ್ಯಾಟಿನ್ ಮೊದಲಿಂದಲೂ ಇತ್ತು. 'ರಿಸೀವ್', 'ಅಬ್ಟೇನ್', 'ಅಕ್ವಾಯರ್', 'ಪ್ರೊಕ್ಯೂರ್' ಎಲ್ಲ ಆ ಕಡೆಯಿಂದ ಬಂದವು.

ನಮಗೆ ಇದು ಹೊಸದೇನಲ್ಲ. 'ಸಿಕ್ಕಿತು' ಮತ್ತು 'ಪ್ರಾಪ್ತವಾಯಿತು', 'ಕೊಟ್ಟರು' ಮತ್ತು 'ಪ್ರದಾನ ಮಾಡಿದರು' ಇದ್ದ ಹಾಗೆಯೇ ಅದು. ಎರಡೂ ಸರಿ. ಮನೆಯಲ್ಲಿ 'ನನಗೆ ಚಹಾ ಪ್ರಾಪ್ತವಾಯಿತು' ಅನ್ನುವವರಿಲ್ಲ. ಹಾಗೇ 'ಐ ಅಬ್ಟೇನ್ಡ್ ಎ ಕಾಫಿ' ಅನ್ನುವ ಇಂಗ್ಲಿಷಿನವರೂ ಇಲ್ಲ. ಗೆಳೆಯರಿಗೆ, ಮನೆಯವರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ 'ಗೆಟ್' ಹಾಕಿ. ಅರ್ಜಿ, ಕರಾರು, ವರದಿ, ದೂರು ಬರೆಯುವಾಗ ಬೇರೆ ಪದ ನೋಡಿ. ಇದು ಮೊದಲ ಜರಡಿ.

ಬಂತಾ, ಸಿಕ್ತಾ, ಪಡೆದ್ರಾ?

ಇದೇ ಅತಿ ದೊಡ್ಡ ಗುಂಪು, ಗೊಂದಲವೂ ಇಲ್ಲೇ ಜಾಸ್ತಿ. ಒಂದು ವಸ್ತು ನಿಮ್ಮ ಕೈಗೆ ಬಂದಿದೆ. ಹೇಗೆ ಬಂತು ಅನ್ನುವುದರ ಮೇಲೆ ಪದ ಬದಲಾಗುತ್ತದೆ.

ನೀವೇನೂ ಮಾಡಲಿಲ್ಲ, ಬೇರೆಯವರು ಕಳಿಸಿದರು, ಅದು ಬಂತು. ಆಗ 'ರಿಸೀವ್'. ಪತ್ರ, ಪಾರ್ಸೆಲ್, ಸಂಬಳ, ನೋಟಿಸು, ದೂರು ಎಲ್ಲ ಇದರ ಅಡಿಗೆ ಬರುತ್ತವೆ. 'ವಿ ಹ್ಯಾವ್ ರಿಸೀವ್ಡ್ ಯುವರ್ ಅಪ್ಲಿಕೇಶನ್' ಅಂತ ಬ್ಯಾಂಕು ಬರೆದರೆ ಚಂದ. ಆದರೆ ತಂಗಿಗೆ 'ಡಿಡ್ ಯು ರಿಸೀವ್ ಮೈ ಮೆಸೇಜ್' ಅಂತ ಕಳಿಸಿದರೆ ಏನೋ ಮುನಿಸಿಕೊಂಡ ಹಾಗೆ ಕೇಳುತ್ತದೆ. ಅಲ್ಲಿ 'ಡಿಡ್ ಯು ಗೆಟ್ ಮೈ ಮೆಸೇಜ್' ಅನ್ನಿ. ಇನ್ನೊಂದು ವಿಷಯ. 'ನಿಮ್ಮನ್ನು ರಿಸೀವ್ ಮಾಡೋಕೆ ಸ್ಟೇಷನ್ನಿಗೆ ಬರ್ತೀನಿ' ಅನ್ನುವುದು ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇರುವವರಿಗೆ ಬರೆಯುವಾಗ 'ಮೀಟ್' ಅಥವಾ 'ಪಿಕ್ ಅಪ್' ಹಾಕಿ. ಅಲ್ಲಿ ಮನುಷ್ಯರನ್ನು 'ರಿಸೀವ್' ಮಾಡುವುದು ರಾಜಮನೆತನ, ರಾಷ್ಟ್ರಪತಿಗಳ ಸಮಾರಂಭದ ಮಾತು.

ನೀವು ನಿಯಮದ ಪ್ರಕಾರ ಕೇಳಿ, ಅರ್ಜಿ ಹಾಕಿ, ಓಡಾಡಿ ಪಡೆದಿರಿ. ಆಗ 'ಅಬ್ಟೇನ್'. ಪರವಾನಗಿ, ಅನುಮತಿ, ಪ್ರಮಾಣಪತ್ರ, ಪದವಿ, ಮಾಹಿತಿ. ನಮ್ಮ ಅಂಕಪಟ್ಟಿಗಳಲ್ಲಿ 'ಮಾರ್ಕ್ಸ್ ಅಬ್ಟೇನ್ಡ್' ಅಂತ ಇರುವುದು ಇದೇ ಅರ್ಥದಲ್ಲಿ. ಪಡೆದ ಅಂಕಗಳು, ಬಂದ ಅಂಕಗಳಲ್ಲ.

ನಿಧಾನಕ್ಕೆ ಗಳಿಸಿದಿರಿ, ಅದು ನಿಮ್ಮದಾಗಿ ಉಳಿಯಿತು. ಆಗ 'ಅಕ್ವಾಯರ್'. ಕೌಶಲ, ಆಸ್ತಿ, ಹೆಸರು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದು. ಭೂಸ್ವಾಧೀನದ ಸುದ್ದಿ ಓದುವವರಿಗೆ ಈ ಪದದ ತೂಕ ಗೊತ್ತಿರುತ್ತದೆ. 1894ರ ಹಳೆಯ ಕಾಯ್ದೆಯ ಹೆಸರಿನಲ್ಲೂ, ಅದರ ಜಾಗಕ್ಕೆ ಬಂದ 2013ರ ಕಾಯ್ದೆಯ ಹೆಸರಿನಲ್ಲೂ ಇರುವುದು 'ಅಕ್ವಿಸಿಶನ್'. ಜಮೀನು ಕೈ ಬದಲಾಯಿಸಿ ಇನ್ನೊಬ್ಬರದಾಗಿಯೇ ಉಳಿಯುತ್ತದೆ ಅನ್ನುವುದು ಅದರೊಳಗೇ ಇದೆ. ಒಂದು ದಿನಕ್ಕೆ ಸೈಕಲ್ ಸಿಕ್ಕಿದ್ದಕ್ಕೆ ಈ ಪದ ಬೇಡ.

ಪೈಪೋಟಿಯಲ್ಲಿ ಗಿಟ್ಟಿಸಿಕೊಂಡಿದ್ದು 'ಸೆಕ್ಯೂರ್'. ದುಡಿದು ಸಂಪಾದಿಸಿದ್ದು 'ಅರ್ನ್', ದುಡ್ಡಷ್ಟೇ ಅಲ್ಲ, ನಂಬಿಕೆ ಮರ್ಯಾದೆಗೂ ಇದೇ. ಇದ್ದದ್ದು ಹೆಚ್ಚಾದರೆ 'ಗೇನ್': ತೂಕ, ಅನುಭವ, ಧೈರ್ಯ. ಇಲಾಖೆ, ಆಸ್ಪತ್ರೆ, ಕಾರ್ಖಾನೆಗಳು ಬೇಕಾದ ಸಾಮಾನು ಹೊಂದಿಸಿ ತರಿಸುವುದು 'ಪ್ರೊಕ್ಯೂರ್', ರೈತರಿಂದ ಸರ್ಕಾರ ರಾಗಿ, ಭತ್ತ ಖರೀದಿಸುವುದೂ ಅದೇ.

ಈಗ 'ಸಿಗು'. ಇದನ್ನು ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಕನ್ನಡದಲ್ಲಿ 'ಸಿಗು' ಕೂಡ 'ಗೆಟ್' ಹಾಗೇ ಬಹಳ ಕೆಲಸ ಮಾಡುತ್ತದೆ, ಆದರೆ ಎರಡರ ಕೆಲಸ ಒಂದೇ ಅಲ್ಲ. ಸಿಕ್ಕಿದ್ದೆಲ್ಲ 'ಗಾಟ್' ಅಂತ ಬರೆದರೆ ಕೆಟ್ಟಿತು.

ಸೀಟು ಸಿಕ್ತು, ಟಿಕೆಟ್ ಸಿಕ್ತು, ರಜೆ ಸಿಕ್ತು. ಇಲ್ಲೆಲ್ಲ 'ಗಾಟ್' ಸರಿ. ಕಳೆದುಹೋದ ಕೀ ಸಿಕ್ತು? 'ಐ ಗಾಟ್ ಮೈ ಕೀ' ಅಂದರೆ ಯಾರೋ ಕೊಟ್ಟರು ಅಥವಾ ಹೋಗಿ ತಗೊಂಡೆ ಅಂತ ಆಗುತ್ತದೆ. ಹುಡುಕಿ ಸಿಕ್ಕಿದ್ದಕ್ಕೆ 'ಫೌಂಡ್'. ದಾರಿಯಲ್ಲಿ ಹಳೇ ಗೆಳೆಯ ಸಿಕ್ಕ? 'ಮೆಟ್', ಅನಿರೀಕ್ಷಿತವಾಗಿ ಸಿಕ್ಕಿದ್ದರೆ 'ರ್‍ಯಾನ್ ಇಂಟು'. ಫೋನ್ ಮಾಡಿದರೂ ಅವರು ಸಿಗ್ತಿಲ್ಲ? 'ಐ ಕಾಂಟ್ ಗೆಟ್ ಹೋಲ್ಡ್ ಆಫ್ ಹಿಮ್', ಬರವಣಿಗೆಯಲ್ಲಿ 'ಐ ಆಮ್ ಅನೇಬಲ್ ಟು ರೀಚ್ ಹಿಮ್'. ಈ ಸಾಬೂನು ಎಲ್ಲಿ ಸಿಗುತ್ತೆ? 'ವೇರ್ ಕ್ಯಾನ್ ಐ ಗೆಟ್ ದಿಸ್'. ಇದಕ್ಕೆ 'ವೇರ್ ಇಟ್ ವಿಲ್ ಗೆಟ್' ಅನ್ನುವುದನ್ನು ಅಂಗಡಿಗಳಲ್ಲಿ ಬಹಳ ಕೇಳುತ್ತೇವೆ. ಕನ್ನಡದಲ್ಲಿ ಸಾಬೂನು 'ಸಿಗುತ್ತೆ', ಅಂದರೆ ವಾಕ್ಯದ ಯಜಮಾನಿಕೆ ಸಾಬೂನಿನದು. ಇಂಗ್ಲಿಷಿನಲ್ಲಿ ವಸ್ತು ತಾನೇ 'ಗೆಟ್' ಆಗುವುದಿಲ್ಲ. ಅದನ್ನು ತಗೊಳ್ಳುವ ಮನುಷ್ಯ ವಾಕ್ಯದಲ್ಲಿ ಇರಲೇಬೇಕು. ಮನುಷ್ಯನನ್ನು ಬಿಟ್ಟು ಹೇಳಬೇಕಿದ್ದರೆ 'ಈಸ್ ಅವೈಲಬಲ್' ಅನ್ನಿ.

'ಬಂತು' ಕೂಡ ಒಂದು ಕಡೆ ದಾರಿ ತಪ್ಪಿಸುತ್ತದೆ. ನಮಗೆ ಕೋಪ 'ಬರುತ್ತೆ', ನಿದ್ದೆ 'ಬರುತ್ತೆ', ಭಯ 'ಆಗುತ್ತೆ'. ಎಲ್ಲವೂ ಹೊರಗಿಂದ ನಮ್ಮ ಹತ್ತಿರ ಬರುವ ಹಾಗೆ. ಇದನ್ನೇ ಹಿಡಿದು 'ಐ ಗಾಟ್ ಆಂಗರ್', 'ಐ ಆಮ್ ನಾಟ್ ಗೆಟಿಂಗ್ ಸ್ಲೀಪ್' ಅನ್ನುತ್ತೇವೆ. ಮನಸ್ಸಿನ ಸ್ಥಿತಿಗೆ ಇಂಗ್ಲಿಷ್ 'ಗೆಟ್' ಜೊತೆ ನಾಮಪದ ಇಡುವುದಿಲ್ಲ, ಗುಣವಾಚಕ ಇಡುತ್ತದೆ. 'ಗಾಟ್ ಆಂಗ್ರಿ', 'ಗಾಟ್ ಸ್ಕೇರ್ಡ್', 'ಆಮ್ ಗೆಟಿಂಗ್ ಬೋರ್ಡ್'. ನಿದ್ದೆಗೆ 'ಐ ಕಾಂಟ್ ಗೆಟ್ ಟು ಸ್ಲೀಪ್'. ರೋಗಕ್ಕೆ ಮಾತ್ರ ನಾಮಪದ ನಡೆಯುತ್ತದೆ: ಜ್ವರ ಬಂದಿದೆ, 'ಐ ಹ್ಯಾವ್ ಗಾಟ್ ಎ ಫೀವರ್'.

ತರು: ಗೆಟ್, ಬ್ರಿಂಗ್, ಫೆಚ್

'ನಾಳೆ ಊಟ ಗೆಟ್ ಮಾಡ್ಕೊಂಡು ಬಾ' ಅನ್ನುವ ಕಂಗ್ಲಿಷ್ ಬೆಂಗಳೂರಿನ ಆಫೀಸುಗಳಲ್ಲಿ ಸಾಮಾನ್ಯ. 'ಗೆಟ್ ಯುವರ್ ಲಂಚ್' ಅಂದಾಗ ಮನೆಯಿಂದ ತರಬೇಕಾ, ಹೋಗಿ ಕೊಂಡುಕೊಳ್ಳಬೇಕಾ? ಸ್ಪಷ್ಟವಿಲ್ಲ. ಬರುವಾಗ ಜೊತೆಯಲ್ಲಿ ಹಿಡಿದುಕೊಂಡು ಬರುವುದಕ್ಕೆ 'ಬ್ರಿಂಗ್'. ಇಲ್ಲಿಂದ ಎದ್ದು ಹೋಗಿ ತರುವುದಕ್ಕೆ 'ಗೆಟ್' ಅಥವಾ 'ಫೆಚ್'. ಎರಡರಲ್ಲಿ 'ಫೆಚ್' ಸ್ವಲ್ಪ ಹಳೆಯದು, ಆಳುಕಾಳುಗಳಿಗೆ ಹೇಳಿದ ಹಾಗೆ ಕೇಳುತ್ತದೆ. ಶಾಲೆಯಿಂದ ಮಕ್ಕಳನ್ನು ಕರೆತರುವುದಕ್ಕೆ ಬ್ರಿಟಿಷರಲ್ಲಿ ಇನ್ನೂ ಬಳಕೆಯಲ್ಲಿದೆ. ಮೇಲಧಿಕಾರಿಗೆ ನೀರು ತಂದುಕೊಡುತ್ತೇನೆ ಅನ್ನುವಾಗ 'ಐ ವಿಲ್ ಗೆಟ್ ಯು ಸಮ್ ವಾಟರ್' ಸಾಕು.

ಆಯ್ತು, ಆದೆ, ಆಗ್ತಿದೆ

ಕನ್ನಡದ 'ಆಗು' ಎಲ್ಲ ಕಡೆ ಹೊಂದುತ್ತದೆ. ಡಾಕ್ಟರ್ ಆದ, ಲೇಟಾಯ್ತು, ಕೆಂಪಗಾಯಿತು, ಕುರುಡನಾದ, ಮದುವೆಯಾಯ್ತು. ಇಂಗ್ಲಿಷ್ ಇಲ್ಲಿ ಐದು ಪದಗಳಿಗೆ ಹಂಚಿದೆ.

ಮೊದಲ ನಿಯಮ ಗಟ್ಟಿಯಾದದ್ದು. ಕ್ರಿಯಾಪದದ ನಂತರ ಬರುವುದು ನಾಮಪದವಾದರೆ 'ಬಿಕಮ್' ಮಾತ್ರ. 'ಹಿ ಬಿಕೇಮ್ ಎ ಡಾಕ್ಟರ್' ಅಂದರೆ ಅವನು ಡಾಕ್ಟರ್ ಆದ. 'ಹಿ ಗಾಟ್ ಎ ಡಾಕ್ಟರ್' ಅಂದರೆ ಅವನು ಡಾಕ್ಟರನ್ನು ಕರೆತಂದ. ಒಂದು ಪದ ಬದಲಾದರೆ ಕಥೆಯೇ ಬೇರೆ.

ಗುಣವಾಚಕವಾದರೆ ಎರಡೂ ಬರಬಹುದು, ಆದರೆ ದಿನನಿತ್ಯದ ಮಾತಿಗೆ 'ಗೆಟ್' ಹೆಚ್ಚು ಸಹಜ. 'ಇಟ್ ಈಸ್ ಗೆಟಿಂಗ್ ಲೇಟ್' ಅನ್ನುವ ಜಾಗದಲ್ಲಿ 'ಬಿಕಮಿಂಗ್ ಲೇಟ್' ಯಾರೂ ಅನ್ನುವುದಿಲ್ಲ. 'ಗೆಟ್ ರೆಡಿ', 'ಗೆಟ್ ಡ್ರೆಸ್ಡ್', 'ಗೆಟ್ ಲಾಸ್ಟ್', 'ಗೆಟ್ ಮ್ಯಾರೀಡ್' ಇವುಗಳಲ್ಲೂ 'ಬಿಕಮ್' ಕೂರುವುದಿಲ್ಲ. 'ಕ್ಲಿಯರ್', 'ಫೇಮಸ್', 'ಅವೈಲಬಲ್', 'ಇಂಪಾರ್ಟೆಂಟ್' ಮುಂದೆ ಮಾತ್ರ 'ಬಿಕಮ್' ಚಂದ.

'ಗ್ರೋ' ನಿಧಾನದ ಬದಲಾವಣೆಗೆ: 'ಗ್ರೋ ಓಲ್ಡ್', 'ಗ್ರೋ ಟಯರ್ಡ್'. ಇದಕ್ಕೆ ಸ್ವಲ್ಪ ಸಾಹಿತ್ಯದ ವಾಸನೆ ಇದೆ, ಆಫೀಸ್ ಮೇಲಿಗೆ ಬೇಡ. ಬಣ್ಣ ಮತ್ತು ವಯಸ್ಸಿಗೆ 'ಟರ್ನ್': ಎಲೆ ಹಳದಿಯಾಯಿತು, ಅಪ್ಪನಿಗೆ ಅರವತ್ತಾಯಿತು. ಕೆಡುವುದಕ್ಕೆ, ಕಳೆದುಕೊಳ್ಳುವುದಕ್ಕೆ 'ಗೋ': 'ಗೋ ಬ್ಯಾಡ್', 'ಗೋ ಬ್ಲೈಂಡ್', 'ಗೋ ಬಾಲ್ಡ್', 'ಗೋ ಮ್ಯಾಡ್'. ಇಲ್ಲಿ ಕನ್ನಡವೂ 'ಹೋಗು' ಹಿಡಿಯುತ್ತದೆ ಅನ್ನುವುದು ನನಗೆ ತುಂಬ ಇಷ್ಟವಾದ ಹೊಂದಾಣಿಕೆ. ಅನ್ನ ಹಳಸಿಹೋಯ್ತು, ಕಣ್ಣು ಕುರುಡಾಗಿ ಹೋಯ್ತು. ಕನ್ನಡದಲ್ಲಿ 'ಹೋಯ್ತು' ಬಾಯಿಗೆ ಬಂದರೆ ಇಂಗ್ಲಿಷಿನಲ್ಲೂ 'ಗೋ' ಹಾಕಿ ನೋಡಿ, ಬಹಳ ಸಲ ಹೊಂದುತ್ತದೆ.

ಮದುವೆಗೆ ಒಂದು ಮಾತು. 'ಗಾಟ್ ಮ್ಯಾರೀಡ್ ಟು' ಅಥವಾ ಬರೀ 'ಮ್ಯಾರೀಡ್'. ಎರಡಕ್ಕೂ 'ವಿತ್' ಬೇಡ.

ಮಾಡಿಸಿದೆ, ಹೊಲಿಸಿದೆ, ಕತ್ತರಿಸಿಕೊಂಡೆ

ಟೈಲರ್ ಅಂಗಡಿಯಿಂದ ಹಬ್ಬದ ಬ್ಲೌಸ್ ತಂದಿದ್ದೀರಿ. ಬಟ್ಟೆ ನಿಮ್ಮದು, ಅಳತೆ ನಿಮ್ಮದು, ಹೊಲಿದವರು ಅವರು. ಕನ್ನಡದಲ್ಲಿ 'ಹೊಲಿದೆ' ಅನ್ನುವುದಿಲ್ಲ, 'ಹೊಲಿಸಿದೆ' ಅನ್ನುತ್ತೇವೆ. ಒಂದು 'ಇಸು' ಸೇರಿಸಿದರೆ ಕೆಲಸ ಮಾಡಿದವರು ಬೇರೆ, ಮಾಡಿಸಿದವರು ನಾವು ಅಂತ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷಿಗೆ ಹೋಗುವಾಗ ಈ 'ಇಸು' ಕಳೆದುಹೋಗಿ 'ಐ ಸ್ಟಿಚ್ಡ್ ಎ ಬ್ಲೌಸ್' ಆಗಿಬಿಡುತ್ತದೆ. ಕೇಳಿದವರು ನಿಮಗೆ ಹೊಲಿಗೆ ಬರುತ್ತೆ ಅಂದುಕೊಳ್ಳುತ್ತಾರೆ. 'ಐ ಕಟ್ ಮೈ ಹೇರ್' ಅಂದರೆ ಕನ್ನಡಿ ಮುಂದೆ ಕತ್ತರಿ ಹಿಡಿದು ನಿಂತ ಹಾಗೆ.

ನಮ್ಮ 'ಇಸು' ಜಾಗಕ್ಕೆ ಇಂಗ್ಲಿಷಿನಲ್ಲಿ ಬರುವುದೇ 'ಗೆಟ್': 'ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್', 'ಐ ಗಾಟ್ ಮೈ ಹೇರ್ ಕಟ್'. ವಸ್ತು ನಡುವೆ, ಕ್ರಿಯೆ ಕೊನೆಗೆ. ಮನೆ ಕಟ್ಟಿಸಿದ ವಿಷಯದಲ್ಲಿ 'ವಿ ಬಿಲ್ಟ್ ಎ ಹೌಸ್' ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ, ಯಾಕೆಂದರೆ ತಾವೇ ಇಟ್ಟಿಗೆ ಜೋಡಿಸುವವರು ಕಡಿಮೆ.

ಇದೇ ಜಾಗದಲ್ಲಿ 'ಹ್ಯಾವ್' ಕೂಡ ಬರುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಇದೆ. 'ಐ ಹ್ಯಾಡ್ ದ ಕಾರ್ ಸರ್ವೀಸ್ಡ್' ಅಂದರೆ ಮಾಮೂಲಿ ಕೆಲಸ, ಕೊಟ್ಟೆ, ಆಯ್ತು. 'ಐ ಗಾಟ್ ದ ಕಾರ್ ಫಿಕ್ಸ್ಡ್' ಅಂದರೆ ಅದರಲ್ಲಿ ಸ್ವಲ್ಪ ಓಡಾಟ ಇತ್ತು, ಅಂತೂ ಮಾಡಿಸಿದೆ. 'ಹ್ಯಾವ್' ಸ್ವಲ್ಪ ಗಂಭೀರ, ಪತ್ರಕ್ಕೆ ಹೊಂದುತ್ತದೆ. ಕಳ್ಳತನ, ಅಪಘಾತದಂಥ ವಿಷಯಕ್ಕೆ 'ಹ್ಯಾವ್' ಹಾಕಿ: 'ಐ ಹ್ಯಾಡ್ ಮೈ ಫೋನ್ ಸ್ಟೋಲನ್'. ಅಲ್ಲಿ 'ಗಾಟ್' ಹಾಕಿದರೆ ನಿಮ್ಮ ಅಜಾಗರೂಕತೆಯಿಂದಲೇ ಹೋಯ್ತು ಅನ್ನುವ ಛಾಯೆ ಬರಬಹುದು. ಪೊಲೀಸ್ ದೂರಿನಲ್ಲಿ ಇದು ಬೇಡ ಅಲ್ವಾ?

ಒಬ್ಬರ ಕೈಲಿ ಕೆಲಸ ಮಾಡಿಸುವಾಗ ಕನ್ನಡ ನಮಗೆ ಸಹಾಯ ಮಾಡುವುದಿಲ್ಲ. 'ಮಗನ ಕೈಲಿ ಹೋಂವರ್ಕ್ ಮಾಡಿಸಿದೆ' ಅಂದರೆ ಪುಸಲಾಯಿಸಿ ಮಾಡಿಸಿದಿರಾ, ಹೇಳಿ ಮಾಡಿಸಿದಿರಾ, ಗದರಿಸಿ ಮಾಡಿಸಿದಿರಾ, ಗೊತ್ತಾಗುವುದಿಲ್ಲ. ಇಂಗ್ಲಿಷ್ ಇದನ್ನು ಬಿಡಿಸಿ ಹೇಳುತ್ತದೆ. ಪುಸಲಾಯಿಸಿದ್ದು, ಒಪ್ಪಿಸಿದ್ದು 'ಗೆಟ್': 'ಐ ಗಾಟ್ ಹಿಮ್ ಟು ಡು ಇಟ್'. ಹೇಳಿದ್ದಕ್ಕೆ ಮಾಡಿದ್ದು 'ಹ್ಯಾವ್': 'ಐ ಹ್ಯಾಡ್ ಹಿಮ್ ಡು ಇಟ್'. ಬಲವಂತ 'ಮೇಕ್': 'ಐ ಮೇಡ್ ಹಿಮ್ ಡು ಇಟ್'. 'ಟು' ಬರುವುದು 'ಗೆಟ್' ಜೊತೆ ಮಾತ್ರ, ಉಳಿದೆರಡರ ಜೊತೆ ಇಲ್ಲ. ಕೆಲಸದವರ ಬಗ್ಗೆ, ಸಹೋದ್ಯೋಗಿಗಳ ಬಗ್ಗೆ ಬರೆಯುವಾಗ ಈ ಮೂರರಲ್ಲಿ ಯಾವುದು ಅಂತ ಎರಡು ಸಲ ಯೋಚಿಸಿ. 'ಮೇಡ್' ಅಂತ ಬರೆದರೆ ನೀವು ದಬಾಯಿಸಿದಿರಿ ಅಂತಲೇ ಓದುತ್ತಾರೆ.

ಬೈಸಿಕೊಂಡೆ, ಸಿಕ್ಕಿಬಿದ್ದೆ, ಆಯ್ಕೆಯಾದೆ

ಬೈಸಿಕೊಂಡೆ, ಹೊಡೆಸಿಕೊಂಡೆ, ಕಚ್ಚಿಸಿಕೊಂಡೆ. ಇಂಗ್ಲಿಷಿನ 'ಗಾಟ್ ಸ್ಕೋಲ್ಡೆಡ್', 'ಗಾಟ್ ಬೀಟನ್', 'ಗಾಟ್ ಬಿಟನ್' ಇವಕ್ಕೆ ಇಷ್ಟು ಹತ್ತಿರದ ಜೋಡಿ ಬೇರೆ ಇಲ್ಲ. ನಮಗೆ ಏನೋ ಆಯ್ತು, ಅದರ ಪೆಟ್ಟು ನಮಗೇ ತಗಲಿತು, ಒಂದಿಷ್ಟು ನಾವೇ ತಂದುಕೊಂಡದ್ದೂ ಹೌದು. ಕೆಟ್ಟದ್ದಕ್ಕೆ ಜಾಸ್ತಿ ಬಳಕೆ, ಆದರೆ ಪ್ರಮೋಷನ್, ಆಯ್ಕೆಯಂಥ ಒಳ್ಳೆಯದಕ್ಕೂ 'ಗಾಟ್ ಪ್ರಮೋಟೆಡ್', 'ಗಾಟ್ ಸೆಲೆಕ್ಟೆಡ್' ಬರುತ್ತವೆ.

'ವಾಸ್' ಹಾಕಬೇಕಾ 'ಗಾಟ್' ಹಾಕಬೇಕಾ ಅಂತ ಅನುಮಾನ ಬಂದರೆ ಕನ್ನಡದಲ್ಲಿ ಹೇಳಿ ನೋಡಿ. 'ಅರ್ಜಿಯನ್ನು ತಿರಸ್ಕರಿಸಲಾಯಿತು' ಅನ್ನುವ ದನಿ ಬೇಕಿದ್ದರೆ 'ವಾಸ್ ರಿಜೆಕ್ಟೆಡ್'. 'ಅರ್ಜಿ ರಿಜೆಕ್ಟ್ ಆಗ್ಬಿಡ್ತು' ಅನ್ನುವ ದನಿ ಬೇಕಿದ್ದರೆ 'ಗಾಟ್ ರಿಜೆಕ್ಟೆಡ್'. ಮೊದಲನೆಯದು ಕಚೇರಿಯ ದನಿ, ಎರಡನೆಯದು ಅರ್ಜಿ ಹಾಕಿದವರ ದನಿ.

ಇಲ್ಲೇ ಒಂದು ಗುಂಡಿ ಇದೆ. ಇಂಗ್ಲಿಷ್ ಪದಕ್ಕೆ 'ಆಯ್ತು' ಸೇರಿಸಿ ಮಾತಾಡುವುದು ನಮಗೆ ರೂಢಿ: ಫೇಲ್ ಆದೆ, ಎಕ್ಸ್‌ಪೈರ್ ಆಯ್ತು, ಕ್ರ್ಯಾಶ್ ಆಯ್ತು. ಇಂಗ್ಲಿಷಿಗೆ ಹೋಗುವಾಗ ಆ 'ಆಯ್ತು' ಕೂಡ ಬೆನ್ನು ಹತ್ತಿ ಬಂದು 'ಐ ಗಾಟ್ ಫೇಲ್ಡ್', 'ದ ಕಾರ್ಡ್ ಗಾಟ್ ಎಕ್ಸ್‌ಪೈರ್ಡ್' ಆಗುತ್ತದೆ. ತಾನಾಗಿ ನಡೆಯುವ ಕ್ರಿಯೆಗೆ 'ಗಾಟ್' ಬೇಕಿಲ್ಲ. 'ಐ ಫೇಲ್ಡ್', 'ದ ಕಾರ್ಡ್ ಎಕ್ಸ್‌ಪೈರ್ಡ್', ಅಷ್ಟೇ. 'ದ ಮೀಟಿಂಗ್ ಗಾಟ್ ಓವರ್' ಕೂಡ ಹೀಗೇ. 'ದ ಮೀಟಿಂಗ್ ಈಸ್ ಓವರ್' ಅನ್ನಿ. 'ಗೆಟ್ ಓವರ್' ಅಂದರೆ ಕಾಯಿಲೆ, ದುಃಖದಿಂದ ಚೇತರಿಸಿಕೊಳ್ಳುವುದು.

ಹತ್ತು, ಇಳಿ, ತಲುಪು

ಬಸ್ಸಿಂದ ಇಳಿಯುವುದಕ್ಕೆ ನಾವು 'ಗೆಟ್ ಡೌನ್' ಅನ್ನುತ್ತೇವೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಕಂಡಕ್ಟರಿಗೆ ಹಾಗೇ ಹೇಳಿ. ಬೇರೆ ದೇಶದಲ್ಲಿ 'ಗೆಟ್ ಆಫ್' ಹೇಳಬೇಕು. ಬಸ್ಸು, ರೈಲು, ವಿಮಾನ, ಬೈಕು, ಕುದುರೆಗೆ 'ಗೆಟ್ ಆನ್', 'ಗೆಟ್ ಆಫ್'. ಕಾರು, ಆಟೋಗೆ 'ಗೆಟ್ ಇನ್', 'ಗೆಟ್ ಔಟ್'. ಔಪಚಾರಿಕವಾಗಿ ಹತ್ತುವುದು 'ಬೋರ್ಡ್', ಇಳಿಯುವುದು 'ಅಲೈಟ್'. ಲಂಡನ್ನಿನ ರೈಲುಗಳ ಘೋಷಣೆಯಲ್ಲಿ ಇದನ್ನು ಕೇಳಬಹುದು, ಮಾತಿನಲ್ಲಿ ಯಾರೂ ಬಳಸುವುದಿಲ್ಲ.

ತಲುಪುವುದಕ್ಕೆ ಮೂರು ಪದ. 'ಗೆಟ್ ಟು ಮೈಸೂರು', 'ರೀಚ್ ಮೈಸೂರು', 'ಅರೈವ್ ಇನ್ ಮೈಸೂರು'. 'ರೀಚ್' ಜೊತೆ 'ಟು' ಬೇಡ. 'ಅರೈವ್' ಆದರೆ ಊರಿಗೆ 'ಇನ್', ಸ್ಟೇಷನ್ನಿಗೆ 'ಅಟ್'. ಮನೆಗೆ ಬಂದಾಗ ಬರೀ 'ಗೆಟ್ ಹೋಮ್'. ಅಮ್ಮನಿಗೆ 'ರೀಚ್ಡ್' ಅಂತ ಒಂದೇ ಪದದ ಮೆಸೇಜ್ ಕಳಿಸುವುದು ನಮ್ಮ ದೇಶದ ಚಂದದ ರೂಢಿ. ವಿದೇಶದ ಗೆಳೆಯರಿಗೆ ಮಾತ್ರ 'ಗಾಟ್ ಹೋಮ್' ಅನ್ನಿ. ಅವರಿಗೆ 'ರೀಚ್ಡ್' ಮುಂದೆ ಎಲ್ಲಿಗೆ ಅನ್ನುವುದು ಬೇಕು.

ಗೊತ್ತಾಯ್ತು, ಅರ್ಥ ಆಯ್ತು

'ಐ ಗಾಟ್ ಟು ನೋ ದಟ್ ಯು ಆರ್ ಲೀವಿಂಗ್'. ನೀವು ಕೆಲಸ ಬಿಡ್ತಿದ್ದೀರಿ ಅಂತ ಗೊತ್ತಾಯ್ತು. ಕನ್ನಡದಿಂದ ನೋಡಿದರೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ಆದರೆ 'ಗೆಟ್ ಟು ನೋ' ಅಂದರೆ ಒಬ್ಬ ಮನುಷ್ಯನನ್ನೋ ಊರನ್ನೋ ದಿನ ಕಳೆದಂತೆ ಅರಿಯುವುದು. ನಿಧಾನದ ಪರಿಚಯ. ಸುದ್ದಿ ಕಿವಿಗೆ ಬಿದ್ದದ್ದು 'ಹರ್ಡ್', ವಿಚಾರಿಸಿ ತಿಳಿದದ್ದು 'ಫೌಂಡ್ ಔಟ್', ಪತ್ರದಲ್ಲಿ ಮರ್ಯಾದೆಯಿಂದ ಬರೆಯಬೇಕಿದ್ದರೆ 'ಲರ್ನ್ಟ್'.

ಅರ್ಥವಾಗುವುದಕ್ಕೆ 'ಗಾಟ್ ಇಟ್' ಸಾಕು. ಆದರೆ 'ಐ ಹ್ಯಾವ್ ಗಾಟ್ ಇಟ್' ಅಂದರೆ ನನ್ನ ಹತ್ತಿರ ಇದೆ ಅಂತಲೂ ಆಗುತ್ತದೆ. ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ ನಾವು 'ಐ ಡಿಡಂಟ್ ಗೆಟ್ ಯು' ಅನ್ನುತ್ತೇವೆ. ಕೇಳಿಸದಿದ್ದರೆ 'ಐ ಡಿಡಂಟ್ ಕ್ಯಾಚ್ ದಟ್', ಅರ್ಥವಾಗದಿದ್ದರೆ 'ಐ ಡಿಡಂಟ್ ಫಾಲೋ' ಅನ್ನುವುದು ಉತ್ತಮ. ಹಿರಿಯರಿಗೆ, ಗ್ರಾಹಕರಿಗೆ 'ಅಂಡರ್‌ಸ್ಟ್ಯಾಂಡ್' ಹಾಕಿ.

ಗಾಟ್ ಮತ್ತು ಗಾಟನ್

ಬ್ರಿಟಿಷರು 'ಹ್ಯಾವ್ ಗಾಟ್', ಅಮೆರಿಕದವರು 'ಹ್ಯಾವ್ ಗಾಟನ್'. 'ಗಾಟನ್' ಹೊಸ ಹುಟ್ಟಲ್ಲ. 17ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಇಂಗ್ಲಿಷಿನವರ ಜೊತೆ ಹೋದ ಹಳೆಯ ರೂಪ ಅದು. ಇಂಗ್ಲೆಂಡಿನಲ್ಲಿ ಅಳಿಯಿತು, ಅಲ್ಲಿ ಉಳಿಯಿತು. ಅಮೆರಿಕದಲ್ಲಿ ಎರಡಕ್ಕೂ ಬೇರೆ ಕೆಲಸ ಇದೆ. ಟಿಕೆಟ್ ಕೈಯಲ್ಲಿದೆ ಅನ್ನಲು 'ಐ ಹ್ಯಾವ್ ಗಾಟ್ ಎ ಟಿಕೆಟ್', ಟಿಕೆಟ್ ಸಿಕ್ಕಿದೆ ಅನ್ನಲು 'ಐ ಹ್ಯಾವ್ ಗಾಟನ್ ಎ ಟಿಕೆಟ್'. ನೀವು ಯಾರಿಗೆ ಬರೆಯುತ್ತಿದ್ದೀರೋ ಅವರದನ್ನು ಹಿಡಿಯಿರಿ, ಒಂದೇ ಪತ್ರದಲ್ಲಿ ಎರಡು ದೇಶ ಬೆರೆಸಬೇಡಿ.

ಒಂದು ಮೇಲ್ ಹಿಡಿದು ನೋಡೋಣ

ಆಫೀಸಿನಿಂದ ಗ್ರಾಹಕರಿಗೆ ಹೋಗುವ ಮಾಮೂಲಿ ಮೇಲ್ ಹೀಗಿರುತ್ತದೆ: 'ಐ ಗಾಟ್ ಯುವರ್ ಮೇಲ್. ದ ವರ್ಕ್ ಈಸ್ ಗೆಟಿಂಗ್ ಡಿಲೇಯ್ಡ್. ವಿ ವಿಲ್ ಗೆಟ್ ದ ಅಪ್ರೂವಲ್ ಬೈ ಫ್ರೈಡೇ. ಐ ವಿಲ್ ಗೆಟ್ ದ ರಿಪೋರ್ಟ್ ಚೆಕ್ಡ್ ಅಂಡ್ ಗೆಟ್ ಬ್ಯಾಕ್ ಟು ಯು.'

ಮೊದಲ ವಾಕ್ಯದಲ್ಲಿ ಮೇಲ್ 'ಬಂತು'. ಹಾಗಾಗಿ 'ರಿಸೀವ್ಡ್' ಹಾಕಬಹುದು. ನನ್ನನ್ನು ಕೇಳಿದರೆ ಎರಡನ್ನೂ ಬಿಟ್ಟು 'ಥ್ಯಾಂಕ್ ಯು ಫಾರ್ ಯುವರ್ ಮೇಲ್' ಅನ್ನುತ್ತೇನೆ. ಮೇಲ್ ಬಂದಿರುವುದು ಅದರಲ್ಲೇ ಗೊತ್ತಾಗುತ್ತದೆ.

ಎರಡನೆಯದು 'ತಡ ಆಗ್ತಿದೆ'. 'ಈಸ್ ಡಿಲೇಯ್ಡ್' ಸಾಕು. 'ಗೆಟಿಂಗ್' ಇದ್ದರೆ ಇನ್ನೂ ಎಷ್ಟು ತಡವಾಗುತ್ತದೋ ಅಂತ ಓದುವವರು ಗಾಬರಿಯಾಗಬಹುದು.

ಮೂರನೆಯ ವಾಕ್ಯವೇ ಮುಖ್ಯ. ಅಪ್ರೂವಲ್ 'ಬರುತ್ತೆ' ಅಂತ ಹೇಳುತ್ತಿದ್ದೀರಾ, 'ತಗೋತೀವಿ' ಅಂತ ಹೇಳುತ್ತಿದ್ದೀರಾ? ಬರುತ್ತೆ ಅಂದರೆ 'ವಿ ಎಕ್ಸ್‌ಪೆಕ್ಟ್ ಟು ರಿಸೀವ್'. ಕೊಡುವವರು ಬೇರೆ, ತಡವಾದರೆ ನಿಮ್ಮ ಕೈಲಿಲ್ಲ. ತಗೋತೀವಿ ಅಂದರೆ 'ವಿ ವಿಲ್ ಅಬ್ಟೇನ್'. ಹೊಣೆ ನಿಮ್ಮದು. 'ಗೆಟ್' ಇದನ್ನು ಮುಚ್ಚಿಡುತ್ತದೆ, ಶುಕ್ರವಾರ ಕಳೆದ ಮೇಲೆ ಯಾರ ತಪ್ಪು ಅನ್ನುವ ಜಗಳಕ್ಕೆ ಅಲ್ಲೇ ಬೀಜ ಬೀಳುತ್ತದೆ. ಇಡೀ ಮೇಲಿನಲ್ಲಿ ಇದೊಂದನ್ನಾದರೂ ಬದಲಾಯಿಸಿ.

ನಾಲ್ಕನೆಯದು 'ಚೆಕ್ ಮಾಡಿಸ್ತೀನಿ'. ಪತ್ರಕ್ಕೆ 'ಹ್ಯಾವ್ ದ ರಿಪೋರ್ಟ್ ಚೆಕ್ಡ್' ಹೊಂದುತ್ತದೆ.

ಕೊನೆಯ 'ಗೆಟ್ ಬ್ಯಾಕ್ ಟು ಯು' ಹಾಗೇ ಇರಲಿ. ಇದನ್ನು ತೆಗೆದು 'ರಿವರ್ಟ್' ಹಾಕುವವರು ನಮ್ಮಲ್ಲಿ ಬಹಳ. 'ರಿವರ್ಟ್' ಅಂದರೆ ಮೊದಲಿದ್ದ ಸ್ಥಿತಿಗೆ ಮರಳುವುದು. ಉತ್ತರ ಕೊಡುವುದು ಅನ್ನುವ ಅರ್ಥ ಕೆನಡಾದ ಬ್ರ್ಯಾಂಪ್ಟನ್ನಿನಲ್ಲೋ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲೋ ಕೂತು ಓದುವವರಿಗೆ ಹೊಳೆಯದೇ ಇರಬಹುದು. ಇನ್ನೂ ಗಂಭೀರವಾಗಿ ಬೇಕಿದ್ದರೆ 'ರಿಪ್ಲೈ' ಇದೆ. ಇಲ್ಲದಿದ್ದರೆ 'ಗೆಟ್ ಬ್ಯಾಕ್' ಅನ್ನೇ ಧೈರ್ಯವಾಗಿ ಬರೆಯಿರಿ.